ಅನುಮಾನದಕ್ಕನ ರಬ್ಬರ್ ಸುತ್ತಿಗೆ

ಹೆರಿಗೆ ವಾರ್ಡಿನ ಆ ಹಿರಿಯ ಸಿಸ್ಟರಿಗೆ ಗೋಡೆಯ ಗಡಿಯಾರದ ಮೇಲೂ ವಿಶ್ವಾಸವಿರಲಿಲ್ಲ. ಅದನ್ನು ನೋಡಿದೊಡನೆ ತಮ್ಮ ಕೈಗಡಿಯಾರವನ್ನೂ ನೋಡಿ, ಎರಡೂ ಒಂದೇ ಹೊತ್ತು ತೋರಿಸಿದರೆ ಹುಬ್ಬನ್ನು ಮತ್ತಷ್ಟು ಗಂಟಿಕ್ಕುತ್ತಿದ್ದರು. ತುಸು ಎಡಕ್ಕೆ ವಾಲಿ, ಚಪ್ಪಲಿಯ ಸದ್ದಾಗದಂತೆ ನಡೆಯುವ ಸ್ಥೂಲಕಾಯ. ತೋಳಿನ ನೂಲು ಕಿತ್ತ ನೀಲಿ ಸ್ವೆಟರು. ಅದರ ಜೇಬಿನಲ್ಲಿ ಸದಾ ಒಂದು ಪುಟ್ಟ ರಬ್ಬರ್ ಸುತ್ತಿಗೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಅನುಮಾನದಕ್ಕ’ ಎನ್ನುತ್ತಿದ್ದರು.

ತಲೆನೋವೆಂದು ಒದ್ದಾಡುತ್ತಿದ್ದ ತುಂಬು ಬಸುರಿ ತಂಗಿಯನ್ನು ನಾನು ಅಲ್ಲಿಗೆ ಕರೆದೊಯ್ದ ಬೆಳಿಗ್ಗೆ, ಕಿರಿಯ ನರ್ಸ್ ಅವಳ ಬಿಪಿಯನ್ನು ನೂರಿಪ್ಪತ್ತು–ಎಂಬತ್ತು ಎಂದು ಬರೆದಿದ್ದಳು. ಅನುಮಾನದಕ್ಕ ಪುಟದುದ್ದಕ್ಕೂ ಬೆರಳಾಡಿಸಿದರು.

“ಇಪ್ಪತ್ತು ಜನಕ್ಕೂ ಒಂದೇ ಬಿಪಿನಾ? ಎಲ್ರೂ ಮಾತಾಡ್ಕೊಂಡು ಬಂದಿದ್ದಾರಾ?”

“ಬಿಪಿ ಯಂತ್ರದ ತೋಳುಪಟ್ಟಿ ಹರಿದಿದೆ ಅಕ್ಕಾ, ಗಾಳಿ ನಿಲ್ಲಲ್ಲ. ಅದಕ್ಕೇ ಎಲ್ರಿಗೂ ಬರೆಯೋದನ್ನೇ ಬರೆದೆ.”

ಅವರು ತಮ್ಮ ಸ್ವಂತ ಯಂತ್ರ ತಂದು ಅಳೆದರು: ನೂರೆಪ್ಪತ್ತು ದಾಟಿತ್ತು. “ಕಣ್ಣು ಮಂಜಾಗ್ತಿದೆಯಾ ಮಗಳೇ?” ಎನ್ನುವಷ್ಟರಲ್ಲಿ ತಂಗಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಮೈ ಸೆಟೆದು ಅದುರತೊಡಗಿತು. ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ಬಸುರಿಯರ ಆ ಸೆಳವಿಗೆಂದೇ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಮೆಗ್ನೀಸಿಯಂ ಮದ್ದನ್ನು ಕೊಟ್ಟರು. ಸೆಳವು ನಿಂತಿತು.

ನಾಲ್ಕು ಗಂಟೆಗೊಮ್ಮೆ ಮದ್ದು ಕೊಡಬೇಕೆಂದವರು ಅವರೇ. ಹೊತ್ತು ಬಂದಾಗ ಸುತ್ತಿಗೆಯಿಂದ ತಂಗಿಯ ಮೊಣಕಾಲು ತಟ್ಟಿದರು, ಕಾಲು ಅಲುಗಲಿಲ್ಲ. ಸಿರಿಂಜನ್ನು ಪಕ್ಕಕ್ಕಿಟ್ಟುಬಿಟ್ಟರು. ನನ್ನ ತಲೆ ಕೆಟ್ಟಿತು.

“ಮದ್ದನ್ನ ಇನ್ಯಾರಿಗೆ ಎತ್ತಿಡ್ತಿದ್ದೀರಾ ಸಿಸ್ಟರ್?”

“ಕಾಲು ಜಿಗೀಲಿಲ್ಲ ಅಂದ್ರೆ ಮೈಯಲ್ಲಿ ಮದ್ದು ಹೆಚ್ಚಾಗಿದೆ ಅಂತ. ಇನ್ನೂ ಕೊಟ್ರೆ ಈ ಮದ್ದೇ ಉಸಿರು ನಿಲ್ಲಿಸುತ್ತೆ ಕಣಪ್ಪ. ಸುಮ್ನಿರು, ಎಣಿಸ್ತಿದ್ದೀನಿ” ಎಂದರು, ತಂಗಿಯ ಎದೆಯ ಏರಿಳಿತದಿಂದ ಕಣ್ಣು ಕೀಳದೆ.

ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬೀರುವಿನ ಆ ಬೀಗವನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದೆ. ಒಂದು ಗಂಟೆಯ ಮೇಲೆ ಮತ್ತೆ ತಟ್ಟಿದಾಗ ಕಾಲು ಜಿಗಿಯಿತು, ಆಗಲೇ ಚುಚ್ಚಿದರು. ಸಂಜೆಗೆ ವೈದ್ಯೆ ಹೆರಿಗೆ ಮಾಡಿಸಿದರು. ತಾಯಿ, ಮಗು ಇಬ್ಬರೂ ಉಳಿದರು. ನಾನು ಕೈಮುಗಿದರೆ ಅವರು ನನ್ನ ಕಡೆ ನೋಡಲೂ ಇಲ್ಲ. “ಹೆತ್ತ ಮೇಲೂ ಬರುತ್ತೆ ಸೆಳವು” ಎನ್ನುತ್ತ ಬಾಣಂತಿಯ ತೋಳಿಗೆ ಮತ್ತೆ ಪಟ್ಟಿ ಸುತ್ತಿದರು.

ಹೇಳಿದ್ದನ್ನೆಲ್ಲ ನಂಬುವವರನ್ನು ನಾವು ಸಜ್ಜನರೆನ್ನುತ್ತೇವೆ. ಸಂಶಯಪಡುವವರ ಪಕ್ಕದಲ್ಲಿ ಕೂರಲೂ ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಬರೆದದ್ದನ್ನು ನಂಬಿದ್ದರೆ ನನ್ನ ತಂಗಿ ಅಂದೇ ಸಾಯುತ್ತಿದ್ದಳು. ಅವಳು ಬದುಕಿದ್ದಾಳೆಂಬುದನ್ನೂ ಸುಮ್ಮನೆ ನಂಬದವರೊಬ್ಬರು, ಉಸಿರುಸಿರನ್ನೂ ಎಣಿಸಿ ಉಳಿಸಿಕೊಟ್ಟರು.