ಎಡಗಡೆಯ ಏಳು ಸುತ್ತು

ಅಂಗಿಯ ಕೊರಳಪಟ್ಟಿಗೆ ಸೋಪು ಹಚ್ಚಿ ಉಜ್ಜುತ್ತಿದ್ದೆ. ಶೆಡ್ಡಿನಿಂದ ಇವರ ಕೂಗು ಬಂತು.

"ಇವಳೇ, ಸ್ವಲ್ಪ ಬಾರೇ! ಹಿಂದೆ ನಿಂತ್ಕೊಂಡು ನೋಡು, ವಾಲಿದೆಯಾ?"

ಬೆಳಗಿನಿಂದ ಇದು ಮೂರನೇ ಸಲ. ಇನ್ನು ಓಡಾಡುವುದು ಬೇಡ, ಅಲ್ಲೇ ಕೂತು ಮುಗಿಸೋಣವೆಂದು ಬಟ್ಟೆ, ನೊರೆನೀರಿನ ಬಕೆಟ್ಟು ಎಲ್ಲವನ್ನೂ ಎತ್ತಿಕೊಂಡೇ ಹೋದೆ.

ಇವರ ಸ್ಪೋರ್ಟ್ಸ್ ಕಾರಿಗೆ ಎರಡೇ ಸೀಟು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡದು. ಹಿಂದಿನ ಶಾಕ್ ಅಬ್ಸಾರ್ಬರುಗಳು ಎಣ್ಣೆ ಸುರಿಸಿ ಸುರಿಸಿ ಕೈಕೊಟ್ಟಿದ್ದವು. ಎರಡು ವಾರ ಒದ್ದಾಡಿ ಅವುಗಳ ಜಾಗದಲ್ಲಿ ಕಾಯಿಲ್‌ಓವರ್ ಕೂರಿಸಿದ್ದಾರೆ. ಇದರಲ್ಲಿ ಶಾಕಿನ ಮೈಗೇ ಸ್ಪ್ರಿಂಗ್ ಸುತ್ತಿಕೊಂಡಿರುತ್ತದೆ. ಕೆಳಗೊಂದು ಉಂಗುರ. ಅದನ್ನು ತಿರುಗಿಸಿದರೆ ಕಾರಿನ ಆ ಬದಿ ಏರುತ್ತದೆ, ಇಲ್ಲವೇ ಇಳಿಯುತ್ತದೆ.

ಮಗಳು ಟೂಲ್ ಪೆಟ್ಟಿಗೆಯ ಮೇಲೆ ಕೂತಿದ್ದಳು. ಒಂಬತ್ತು ವರ್ಷದ ಅವಳಿಗೆ ಮನೆಯಲ್ಲಿ ರೇಡಿಯೊ ಎಂದು ಹೆಸರು, ಕಣ್ಣು ಬಿಟ್ಟಾಗಿನಿಂದ ಬರೀ ಪ್ರಶ್ನೆ. ಮೂರು ವಾರದ ಹಿಂದೆ ಕ್ಲಾಸಿನಲ್ಲಿ "ಮಿಸ್, ನೆರಳಿಗೆ ತೂಕ ಇದೆಯಾ?" ಎಂದು ಕೇಳಿದಳಂತೆ. ಎಲ್ಲರೂ ನಕ್ಕರಂತೆ, ಮಿಸ್ ಕೂಡ. ಅವತ್ತಿನಿಂದ ಒಂದೇ ಒಂದು ಪ್ರಶ್ನೆಯಿಲ್ಲ. ಕರೆದರೆ ಬರುತ್ತಾಳೆ, ಬಡಿಸಿದ್ದನ್ನು ಉಣ್ಣುತ್ತಾಳೆ, ಅಷ್ಟೆ. ನಾನು ಕೆದಕಲು ಹೋಗಿಲ್ಲ. ಆದರೆ ಅಷ್ಟೊಂದು ಪ್ರಶ್ನೆಗಳನ್ನು ಎಲ್ಲಿ ಬಚ್ಚಿಟ್ಟಿದ್ದಾಳೋ ಎಂದು ಅನ್ನ ಬಸಿಯುವಾಗಲೂ ಅದೇ ಯೋಚನೆ.

ಇವರು ಕಾರಿನ ಹಿಂಭಾಗದ ಮೇಲೆ ಗಾರೆಯವರ ರಸಮಟ್ಟವನ್ನು ಅಡ್ಡಲಾಗಿ ಇಟ್ಟಿದ್ದರು. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ಮಟ್ಟ ಸರಿಯಿದೆ ಎಂದರ್ಥ.

"ಗುಳ್ಳೆ ನಟ್ಟನಡುವೆ ಇದೆ, ನೋಡು. ಇಷ್ಟು ಮಾಡೋಕೆ ಎಡಗಡೆ ಉಂಗುರ ಏಳು ಸುತ್ತು ಏರಿಸಿದ್ದೀನಿ. ರಸ್ತೆಗೆ ತಗೊಂಡು ಹೋದ್ರೆ ಬಲಕ್ಕೆ ವಾಲತ್ತೆ. ವಾಪಸ್ ತಂದು ನಿಲ್ಲಿಸಿದ್ರೆ ಸರಿ!"

"ಅಣ್ಣಾ, ನಿನ್ನ ಕಾರಿಗೆ ಮನೆ ಬಿಟ್ಟು ಹೋಗೋಕೆ ಇಷ್ಟ ಇಲ್ಲ," ಎಂದ ಮೈದುನ, ಬಲಗಡೆಯ ಚಕ್ರದ ಪಕ್ಕ ಮಂಡಿಯೂರಿದ್ದವನು. "ಅತ್ತಿಗೇ, ಇನ್ಮೇಲೆ ಶೆಡ್ಡೊಳಗೇ ಓಡಿಸ್ಕೊಳ್ಳಲಿ ಬಿಡಿ."

"ನಿನ್ನ ತಲೆ! ಸ್ಪ್ರಿಂಗಲ್ಲೇ ಏನೋ ಐಬಿದೆ. ಎರಡನ್ನೂ ಬಿಚ್ಚಿ ವಾಪಸ್ ಕಳಿಸ್ತೀನಿ. ಆ ಸ್ಪ್ಯಾನರ್ ಕೊಡು."

ಮೈದುನ ಎದ್ದು ಹಿಂದಕ್ಕೆ ಹೆಜ್ಜೆಯಿಟ್ಟ. ಹಿಮ್ಮಡಿ ತಗುಲಿ ಬಕೆಟ್ಟು ಮಗುಚಿತು.

"ಅಯ್ಯಯ್ಯೋ, ಅತ್ತಿಗೇ!"

"ಹಿಂದೆ ನೋಡ್ಕೊಂಡು ಹೆಜ್ಜೆ ಇಡಬಾರದೇನೋ?" ಎಂದು ಬೈದು ಒರಸುವ ಬಟ್ಟೆ ಕೈಗೆತ್ತಿಕೊಂಡೆ. ಒರಸಲಿಲ್ಲ. ಚೆಲ್ಲಿದ ನೀರು ಸುತ್ತಲೂ ಹರಡದೆ ಬಲಗಡೆಯ ಚಕ್ರವನ್ನು ಬಳಸಿಕೊಂಡು, ಕಾರಿನ ಹೊಟ್ಟೆಯ ಕೆಳಗೆ ನುಸುಳಿ, ಎಡಗಡೆಯ ಚಕ್ರವನ್ನೂ ದಾಟಿ, ಮೂಲೆಯಲ್ಲಿ ನೀರು ಹೋಗುವ ತೂತಿನತ್ತ ಹೊರಟಿತ್ತು.

ಆಗ ನೆನಪಾಯಿತು. ಕಾರು ಮನೆಗೆ ಬರುವ ಮೊದಲು ಇದು ನಾನು ಬಟ್ಟೆ ಒಗೆಯುತ್ತಿದ್ದ ಜಾಗ. ನೀರು ನಿಲ್ಲಬಾರದು ರೀ ಎಂದು ದುಂಬಾಲು ಬಿದ್ದು, ಇವರ ಕೈಯಿಂದಲೇ ಈ ಕಾಂಕ್ರೀಟನ್ನು ಎಡಕ್ಕೆ ಇಳಿಜಾರಾಗಿ ಹಾಕಿಸಿದ್ದೆ. ಹಾಕಿದವರೂ ಮರೆತಿದ್ದರು, ಹಾಕಿಸಿದವಳೂ.

ಮಾತು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮಗಳು ಕಣ್ಣಿಗೆ ಬಿದ್ದಳು.

ಪೆಟ್ಟಿಗೆಯಿಂದ ಇಳಿದು ಕುಕ್ಕರುಗಾಲಲ್ಲಿ ಕೂತಿದ್ದಳು. ನೊರೆಯ ಜೊತೆಗೇ ಅವಳ ಬೆರಳು ಗಾಳಿಯಲ್ಲಿ ಎಡಕ್ಕೆ ಸರಿಯಿತು. ಎದ್ದು ರಸಮಟ್ಟದ ಗುಳ್ಳೆ ನೋಡಿದಳು. ಮತ್ತೆ ಬಗ್ಗಿ ನೆಲ ನೋಡಿದಳು. ಬಾಯಿ ತೆರೆದಳು.

"ಏನೇ ರೇಡಿಯೊ, ಮೀನು ಸಿಕ್ಕಿತಾ?" ಎಂದ ಮೈದುನ.

ಬಾಯಿ ಮುಚ್ಚಿಕೊಂಡಿತು. ಅವನತ್ತ ಕಣ್ಣು ಬಿಟ್ಟೆ. ಪಾಪ, ಅವನಿಗೇನು ಗೊತ್ತು.

ಇವರು ಬೋಲ್ಟಿಗೆ ಸ್ಪ್ಯಾನರ್ ಹಾಕಿದರು.

"ರೀ, ಒಂದ್ನಿಮಿಷ ತಡೀರಿ."

"ಯಾಕೆ?"

"ಸುಮ್ನೆ."

ಇವರು ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡುತ್ತಿದ್ದೆ. ಇವರೂ ಅತ್ತ ತಿರುಗಿ, ಸ್ಪ್ಯಾನರ್ ಕೆಳಗಿಟ್ಟರು. ಮೂಲೆಯ ತೂತು ಗೊಳಗೊಳ ಎಂದು ನೀರು ಕುಡಿಯುತ್ತಿತ್ತು. ಮಗಳು ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅಪ್ಪಾ," ಎಂದಳು, "ವಾಲಿರೋದು ಕಾರಾ, ನೆಲಾನಾ?"