ಆರನೆಯ ರೂಮಿನ ನೆಲ

ಮೂರನೆಯ ಬಕೆಟ್ ನೀರು ಸುರಿಯುತ್ತಿದ್ದಂತೆ ಅಮ್ಮನ ಕಾಲಡಿಯ ನೆಲ ಕುಸಿಯಿತು. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೇ, ಪಾದ ಮುಳುಗುವಷ್ಟು.

ಮೂವತ್ತು ವರ್ಷ ದೊಡ್ಡಾಸ್ಪತ್ರೆಯ ನೆಲ ಒರೆಸಿದ ಹೆಂಗಸು ಆಕೆ. ಆಕೆ ಒರೆಸಿದ ವಾರ್ಡಿನಲ್ಲಿ ನೊಣ ಇಳಿದರೆ ಜಾರಿ ಸೊಂಟ ಮುರಿದುಕೊಂಡು ಅಲ್ಲೇ ಅಡ್ಮಿಟ್ ಆಗುತ್ತಿತ್ತು. ಅಂಥವಳು ಮಗಳು ಮ್ಯಾನೇಜರಾಗಿರುವ ಹೋಟೆಲಿನಲ್ಲಿ ಒಂದು ರಾತ್ರಿ ತಂಗಿ, ರೂಮನ್ನು ಹಾಗೆಯೇ ಬಿಟ್ಟು ಹೊರಡುವುದುಂಟೇ? ಗೋಡೆ, ಮಂಚ, ಕುರ್ಚಿ, ಎಲ್ಲವೂ ಎದುರಿನ ಉಪ್ಪಿನ ಬಯಲಿನಿಂದ ಕೊಯ್ದು ತಂದ ಗಟ್ಟಿ ಉಪ್ಪಿನ ಇಟ್ಟಿಗೆಯವು ಎಂದು ಮಗಳು ಸಾವಿರ ಸಲ ಹೇಳಿದ್ದಳು. ನೆಲವೂ ಉಪ್ಪೇ ಎಂಬುದು ಮಾತ್ರ ಅಮ್ಮನ ತಲೆಗೆ ಹೋಗಿರಲಿಲ್ಲ. ನೆಲ ಅಂದಮೇಲೆ ನೆಲ.

ಬಾಗಿಲಿಗೆ ಬಂದ ಮಗಳು ಬಿಳಿಚಿಕೊಂಡಳು. ಗೋಡೆ ಯಾವುದು ಮಗಳು ಯಾವುದು ಗೊತ್ತಾಗದಷ್ಟು.

"ಅಮ್ಮಾ! ಇದನ್ನ ಬರೀ ಗುಡಿಸ್ಬೇಕು, ಅಷ್ಟೇ. ನೀರು ತೋರಿಸೋ ಹಾಗೇ ಇಲ್ಲ!"

"ನೀರು ಕಾಣದ ನೆಲಾನೂ ಒಂದು ನೆಲವೇನೇ?"

"ಸಂಜೆ ಮಾಲೀಕರು ಬರ್ತಾರೆ. ನನ್ನ ಕೆಲಸ ಕಾಯಂ ಮಾಡೋದೋ ಬೇಡ್ವೋ ಅಂತ ನೋಡೋಕೇ ಬರ್ತಿರೋದು."

ಅಮ್ಮ ತೋಳೇರಿಸಿದಳು.

"ಇಲ್ಲಿ ಅಳ್ಬೇಡ, ಕಣ್ಣೀರಿಗೂ ಕರಗೀತು. ಹೋಗು, ಪುಡಿ ಉಪ್ಪು ತಗೊಂಬಾ."

ಹಿಂದಿನ ಅಂಗಳದಲ್ಲಿ ಇಟ್ಟಿಗೆ ಕೊಯ್ದಾಗ ಉದುರಿದ ಪುಡಿಯ ಗುಡ್ಡವೇ ಇತ್ತು. ಅಮ್ಮ ಗುಂಡಿಗೆ ಪುಡಿ ತುಂಬಿ, ಬೆರಳ ತುದಿಯಿಂದ ಹನಿಹನಿ ನೀರು ಚಿಮುಕಿಸಿ, ಲೋಟದ ತಳದಿಂದ ಒತ್ತಿ ಒತ್ತಿ ಉಜ್ಜಿದಳು. ಮತ್ತೆ ಪುಡಿ, ಮತ್ತೆ ಹನಿ, ಮತ್ತೆ ಲೋಟ. ಮಗಳು ಕಿಟಕಿಗಳನ್ನೆಲ್ಲ ತೆರೆದು ಬಯಲಿನ ಒಣಗಾಳಿಯನ್ನು ಒಳಗೆ ಬಿಟ್ಟಳು. ಇಳಿಹೊತ್ತಿಗೆ ನೆಲ ಎಷ್ಟು ನುಣುಪಾಯಿತೆಂದರೆ ಬಿಸಿಲು ಕೂಡ ಗೋಡೆ ಹಿಡಿದುಕೊಂಡೇ ಒಳಗೆ ಬಂತು.

ಮಾಲೀಕರು ಐದು ರೂಮು ನೋಡಿ, ಆರನೆಯದರ ಹೊಸ್ತಿಲಲ್ಲಿ ನಿಂತರು. ಬಗ್ಗಿ ನೆಲದ ಮೇಲೆ ಅಂಗೈ ಆಡಿಸಿದರು.

"ಈ ನೆಲ ಯಾರು ಮಾಡಿದ್ದು?"

ಸುಮ್ಮನಿರು ಎಂದು ಅಮ್ಮ ಕಣ್ಣಲ್ಲೇ ಗದರಿದಳು. ಮಗಳು ಒಂದು ಹೆಜ್ಜೆ ಮುಂದೆ ಬಂದಳು.

"ನಮ್ಮಮ್ಮ, ಸಾರ್. ಬೆಳಿಗ್ಗೆ ನೀರು ಸುರಿದು ಕೆಡಿಸಿದ್ದೂ ಅವರೇ. ಮೊದಲೇ ಹೇಳದೇ ಇದ್ದದ್ದು ನನ್ನ ತಪ್ಪು."

"ಸಾವಿರ ಸಲ ಹೇಳಿದ್ಲು ಸಾರ್! ನನ್ನ ಕಿವೀನೇ ಕಿವಿಯಲ್ಲ."

ಮಾಲೀಕರು ಒಂಟಿ ಕಾಲಿನಲ್ಲಿ ತೂಗಾಡುತ್ತ ಒಂದು ಬೂಟು ಬಿಚ್ಚಿದರು, ಇನ್ನೊಂದನ್ನೂ ಬಿಚ್ಚಿ ಎರಡನ್ನೂ ಹೊರಗೆ ಜೋಡಿಸಿಟ್ಟರು. ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ಮೆಲ್ಲಗೆ ಆ ನೆಲದ ಮೇಲೆ ಊರಿದರು.