ನಲವತ್ತೆರಡನೇ ಬಿಲ್ಲೆ

ನನ್ನ ಗಂಡನನ್ನು ಬಂದರಿನವರೆಲ್ಲ ಕರೆಯುವುದು ‘ಆಮೇಲೆ’ ಎಂದು. ಏನು ಹೇಳಿದರೂ ಅವರ ಬಾಯಿಂದ ಬರುವ ಮೊದಲ ಮಾತು ಅದೇ. ಊಟಕ್ಕೆ ಬನ್ನಿ ಎಂದರೆ ಆಮೇಲೆ, ನಲ್ಲಿ ಸೋರುತ್ತಿದೆ ಎಂದರೆ ಆಮೇಲೆ. ಹುಟ್ಟುವಾಗಲೂ ಎರಡು ವಾರ ತಡ ಮಾಡಿದ ಮಹಾನುಭಾವ ಎಂದು ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಕೆಲಸದಲ್ಲಿ ಮಾತ್ರ ಅವರನ್ನು ಬೆರಳು ಮಾಡಿ ತೋರಿಸುವವರಿಲ್ಲ. ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಅವರು ಫಿಟ್ಟರ್. ನಾನು ಅಲ್ಲೇ ಐಸ್ ದಿಮ್ಮಿಗಳಿಗೆ ಕೊಕ್ಕೆ ಹಾಕಿ ಎಳೆಯುವವಳು.

ಹಿಂದೊಮ್ಮೆ ಕೋಲ್ಡ್ ರೂಮಿನೊಳಗೆ ಒಬ್ಬನಿರುವಾಗಲೇ ಬೀಗ ಹಾಕಿಬಿಟ್ಟು, ಬೆಳಗ್ಗೆ ಅವನನ್ನು ಮೀನಿನ ಪೆಟ್ಟಿಗೆಗಳ ನಡುವಿನಿಂದ ಕಿತ್ತು ತೆಗೆಯಬೇಕಾಯಿತು. ಅಂದಿನಿಂದ ನಮ್ಮ ನಲವತ್ತೆರಡು ಜನಕ್ಕೂ ಒಂದೊಂದು ಹಿತ್ತಾಳೆ ಬಿಲ್ಲೆ. ಒಳಗೆ ಬರುವಾಗ ಹಲಗೆಯ ಮೇಲಿನ ಮೊಳೆಗೆ ನೇತುಹಾಕಬೇಕು, ಮನೆಗೆ ಹೋಗುವಾಗ ತೆಗೆದುಕೊಂಡು ಹೋಗಬೇಕು. ಬಿಲ್ಲೆ ನೇತಾಡುತ್ತಿದ್ದರೆ ಆಳು ಒಳಗಿದ್ದಾನೆ ಎಂದರ್ಥ. ನಮ್ಮ ಮೇಸ್ತ್ರಿ ಮನುಷ್ಯರ ಮಾತನ್ನು ನಂಬುವವನಲ್ಲ, ಬಿಲ್ಲೆಯನ್ನು ನಂಬುತ್ತಾನೆ.

ಗಂಡನ ಬಿಲ್ಲೆ ಇರುತ್ತಿದ್ದುದು ನನ್ನ ಕೀಲಿ ಗೊಂಚಲಿನಲ್ಲಿ. ಒಂಬತ್ತು ವರ್ಷದಿಂದ ನನ್ನದರ ಜೊತೆಗೇ ಅವರದನ್ನೂ ನಾನೇ ನೇತುಹಾಕುತ್ತಿದ್ದೆ. ಅವರು ಅರ್ಧ ಗಂಟೆ ಬಿಟ್ಟು, ಕಣ್ಣುಜ್ಜಿಕೊಳ್ಳುತ್ತ ಹಿಂದಿನ ಗೇಟಿನಿಂದ ನುಸುಳುತ್ತಿದ್ದರು. ಗೊತ್ತಾದರೆ ಇಬ್ಬರ ಕೆಲಸಕ್ಕೂ ಕತ್ತರಿ. ಆದರೂ ಒಂಬತ್ತು ವರ್ಷ ಗೊತ್ತಾಗಲಿಲ್ಲ, ನನ್ನ ಕೈ ಅಷ್ಟು ಪಳಗಿತ್ತು.

ಮಧ್ಯಾಹ್ನ ಮೂರಕ್ಕೆ ಚಂಡಮಾರುತ ದಡ ಮುಟ್ಟುತ್ತದೆ ಎಂದು ರೇಡಿಯೊ ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಅವತ್ತು ಕೆಲಸವಿರಲಿಲ್ಲ, ಬಿಲ್ಲೆ ಹಲಗೆ ಖಾಲಿ ಇತ್ತು. ಬಂದರಿನಲ್ಲಿ ಎರಡಡಿ ದಪ್ಪದ ಗೋಡೆ ಇರುವುದು ಐಸ್ ಫ್ಯಾಕ್ಟರಿಗೆ ಮಾತ್ರ. ಹಾಗಾಗಿ ಆಳುಗಳು, ಅವರ ಮನೆಯವರು, ದೋಣಿಯವರು, ಬಲೆ ಹೆಣೆಯುವವರು ಎಲ್ಲರೂ ಹನ್ನೊಂದರಿಂದಲೇ ಹಾಸಿಗೆ, ಪಾತ್ರೆ, ಕೋಳಿಗಳ ಸಮೇತ ಬಂದು ಬಿದ್ದರು. ಕಷ್ಟದಲ್ಲಿ ಜನ ಒಂದಾಗುತ್ತಾರೆ ಎನ್ನುವವರು ಅವತ್ತು ನಮ್ಮ ಬಾಗಿಲ ಬಳಿ ಬಂದು ನಿಲ್ಲಬೇಕಿತ್ತು. ಗೋಡೆ ಪಕ್ಕದ ಒಂದು ಚಾಪೆಯಗಲಕ್ಕಾಗಿ ಅಕ್ಕತಂಗಿಯರು ಜುಟ್ಟು ಹಿಡಿದುಕೊಂಡರು. ಮೀಸೆ ಎಂಬ ದೋಣಿಯವನು ತನ್ನ ಎಂಜಿನ್ನನ್ನೇ ಹೆಗಲ ಮೇಲೆ ಹೊತ್ತು ಒಳಗೆ ತಂದ.

“ಇಟ್ಟು ಬಾ ಅದನ್ನ ಹೊರಗೆ. ಅದರ ಜಾಗದಲ್ಲಿ ನಾಲ್ಕು ಮಕ್ಕಳು ಮಲಗ್ತಾರೆ,” ಎಂದ ಮೇಸ್ತ್ರಿ.

“ಮಕ್ಕಳಿಗೆ ಆಮೇಲೆ ಅನ್ನ ಹಾಕೋದು ಇದೇ ಕಣಯ್ಯಾ!”

ಮೇಸ್ತ್ರಿ ಅವನ ಮುಖಕ್ಕೆ ಗುದ್ದಿದ. ಮೀಸೆ ಎಂಜಿನ್ ಸಮೇತ ಮೆಟ್ಟಿಲಿನಿಂದ ಉರುಳಿದ. ಎರಡು ಹಲ್ಲು ಉಗುಳಿ ಎದ್ದು ಮೇಸ್ತ್ರಿಯ ಹೊಟ್ಟೆಗೆ ತಲೆಯಿಂದ ಹಾಯ್ದ. ಬಿಡಿಸಲು ಹೋದ ಬಂದರಿನ ಕ್ಷೌರಿಕನೊಬ್ಬನ ಹೆಗಲನ್ನು ಅಷ್ಟರಲ್ಲಿ ಎಲ್ಲಿಂದಲೋ ಹಾರಿ ಬಂದ ತಗಡು ಸೀಳಿಕೊಂಡು ಹೋಯಿತು. ಬಿಳಿ ಮೂಳೆ ಕಾಣಿಸಿತು. ಆಗ ಜಗಳ ತಾನಾಗಿಯೇ ನಿಂತಿತು.

ಗಾಳಿ ರೇಡಿಯೊ ಹೇಳಿದ ಹೊತ್ತಿಗಿಂತ ಮೊದಲೇ ಬಂದಿತ್ತು. ಮೇಸ್ತ್ರಿ ಬಾಗಿಲಲ್ಲಿ ನಿಂತು ಕೂಗಿದ: “ಹಲಗೆ ಮೇಲೆ ನಲವತ್ತೆರಡು ಬಿಲ್ಲೆ ತುಂಬಿದ ತಕ್ಷಣ ಬಾಗಿಲು ಹಾಕಿ ವೆಲ್ಡಿಂಗ್ ಮಾಡಿಸ್ತೀನಿ. ನಿಮ್ಮ ನಿಮ್ಮ ಮನೆಯವರಿಗೆ ನೀವೇ ಜವಾಬ್ದಾರಿ. ಹಾಕಿದ ಮೇಲೆ ಸತ್ತರೂ ತೆಗೆಯಲ್ಲ.”

ಅವನು ಹೆದರಿಸಲು ಹೇಳಿದ್ದಲ್ಲ. ಹಿಂದಿನ ಚಂಡಮಾರುತದಲ್ಲಿ, ಹೊರಗೆ ಉಳಿದಿದ್ದ ಒಬ್ಬನಿಗೆಂದು ಬಲೆ ಗೋದಾಮಿನ ಬಾಗಿಲು ತೆಗೆದರು. ಗಾಳಿ ಒಳನುಗ್ಗಿ ಸೂರನ್ನು ಎತ್ತಿ ಒಗೆಯಿತು, ಗೋಡೆಗಳು ಒಳಕ್ಕೆ ಕುಸಿದವು. ಹದಿನೇಳು ಹೆಣ. ಅದರಲ್ಲಿ ಒಂದು ಮೇಸ್ತ್ರಿಯ ಹೆಂಡತಿ, ಒಂದು ಅವನ ತಮ್ಮ.

ಫ್ಯಾಕ್ಟರಿಯ ಹೊರಗೆ, ಹಿಂದಿನ ಶೆಡ್ಡಿನಲ್ಲಿದ್ದ ಅಮೋನಿಯಾ ಟ್ಯಾಂಕಿನ ವಾಲ್ವ್‌ಗಳನ್ನು ಮುಚ್ಚಲು ಮೇಸ್ತ್ರಿ ನನ್ನ ಗಂಡನನ್ನು ಕಳಿಸಿದ್ದ. ಕೊಳವೆ ಒಡೆದರೆ ಒಳಗಿದ್ದವರೆಲ್ಲ ಉಸಿರುಗಟ್ಟಿ ಸಾಯುತ್ತಿದ್ದೆವು. ಅವರು ಅತ್ತ ಹೋದರು, ನಾನು ಮನೆಗೆ ಓಡಿದೆ. ಆರು ವರ್ಷದ ಮಗಳನ್ನು ಸೊಂಟಕ್ಕೇರಿಸಿಕೊಂಡು, ಉಬ್ಬಸದ ಅತ್ತೆಯನ್ನು ಒಂದು ಕೈಯಲ್ಲಿ ಎಳೆದುಕೊಂಡು, ಬಾಯಲ್ಲಿ ಕೀಲಿ ಗೊಂಚಲು ಕಚ್ಚಿಕೊಂಡು ವಾಪಸು ಬಂದೆ. ಹಲಗೆಯ ಮುಂದೆ ನೂಕುನುಗ್ಗಲು. ಯಾರದೋ ಮೊಣಕೈ ನನ್ನ ಕಣ್ಣಿಗೆ ಬಡಿಯಿತು. ಕೈ ಎತ್ತಿದೆ, ಬಿಲ್ಲೆ ಹಾಕಿದೆ, ಒಳಗೆ ಹೋದೆ.

ಮೇಸ್ತ್ರಿ ಎರಡು ಸಲ ಎಣಿಸಿದ. ನಲವತ್ತೆರಡು. ವೆಲ್ಡರ್ ಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯಿಟ್ಟು ಎರಡೂ ತುದಿಗೆ ಬೆಸುಗೆ ಹಾಕಿದ. ಕೊನೆಯ ಕಿಡಿ ಆರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ನಾನು ಐಸ್ ಪುಡಿ ಮಾಡುವ ಕ್ರಷರ್ ಪಕ್ಕ ಜಾಗ ಹಿಡಿದು, ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ಬಿಚ್ಚಿಹೋಗಿದ್ದ ಅವಳ ಜಡೆಗೆ ಕೈ ಹಾಕಿದೆ. ಇನ್ನೂರು ಜನರ ಆ ಅರೆಗತ್ತಲಲ್ಲಿ ಗಂಡ ಯಂತ್ರಗಳ ಕಡೆ ಎಲ್ಲೋ ಇರಬೇಕು ಎಂದುಕೊಂಡಿದ್ದೆ. ಆಗ ಬಾಗಿಲ ಮೇಲೆ ಏಟು ಬಿತ್ತು. ಧಡ್, ಧಡ್, ಧಡ್. ಸ್ವಲ್ಪ ಬಿಟ್ಟು ಮತ್ತೆ ಮೂರು.

“ತಗಡು ಬಡೀತಿದೆ,” ಎಂದ ಮೇಸ್ತ್ರಿ. “ಎಲ್ಲರೂ ಒಳಗಿದಾರೆ. ನಾನೇ ಎಣಿಸಿದೀನಿ.”

ಆಗ ನನ್ನ ಕೈ ನನಗೆ ನೆನಪಾಯಿತು. ಅದು ಒಂದು ಬಿಲ್ಲೆ ಹಾಕಿರಲಿಲ್ಲ, ಎರಡು ಹಾಕಿತ್ತು.

ಕೂಗಿದೆನೇ? ಇಲ್ಲ. ತಲೆಯೆತ್ತಿ ಸೂರು ನೋಡಿದೆ. ಹಳೆಯ ಶೀಟುಗಳು ಮೊಳೆ ಸಮೇತ ಎದ್ದು ಕೂರುತ್ತಿದ್ದವು. ಬಾಗಿಲು ತೆಗೆದರೆ ಅವು ಹೋಗುತ್ತವೆ, ಗೋಡೆ ಬೀಳುತ್ತದೆ, ಗೋಡೆಯ ಕೆಳಗೆ ನನ್ನ ಮಗಳಿದ್ದಾಳೆ. ಕೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿದೆ. ಹೊರಗೆ ಅವರು ಬಡಿಯುತ್ತಿದ್ದರು, ಒಳಗೆ ನಾನು ಹೆಣೆಯುತ್ತಿದ್ದೆ. ತುದಿಗೆ ರಬ್ಬರ್ ಬ್ಯಾಂಡ್ ಕೂಡ ಸುತ್ತಿದೆ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿತು. ಅಷ್ಟರಲ್ಲಿ ಏಟುಗಳು ಮೂರರಿಂದ ಎರಡಕ್ಕಿಳಿದಿದ್ದವು.

“ಹೊರಗಿರೋದು ನನ್ನ ಗಂಡ!” ಎಂದು ಕಿರುಚಿದೆ. “ಅವರ ಬಿಲ್ಲೆ ಹಾಕಿದ್ದು ನಾನು. ದಿನಾ ನಾನೇ ಹಾಕೋದು. ಮೇಸ್ತ್ರಿ, ಬಾಗಿಲು ತೆಗೀರಿ!”

ಎಲ್ಲರೂ ನನ್ನ ಮೇಲೆ ಬಿದ್ದರು. ಬಲೆ ಹೆಣೆಯುವವಳು ನನ್ನ ಕಪಾಳಕ್ಕೆ ಬಾರಿಸಿದಳು. ಯಾರೋ ಬೆನ್ನಿಗೆ ಒದ್ದರು. “ಅವನೊಬ್ಬನಿಗೋಸ್ಕರ ನಾವೆಲ್ಲ ಸಾಯ್ಬೇಕಾ?” ಎಂಬ ದನಿ ನಾಲ್ಕೂ ಕಡೆಯಿಂದ ಬಂತು. ನಾನು ತೆವಳಿಕೊಂಡೇ ಬಾಗಿಲ ಬಳಿ ಹೋದೆ.

ಮೇಸ್ತ್ರಿ ಅಡ್ಡ ನಿಂತಿದ್ದ. “ಆಗಲ್ಲಮ್ಮಾ. ನನ್ನ ಕಾಲಿಗೆ ಬಿದ್ದರೂ ಆಗಲ್ಲ. ಹದಿನೇಳು ಹೆಣ ಹೊತ್ತಿದೀನಿ ನಾನು.”

“ತೆಗಿಯೋ!” ಎಂದೆ. ಆ ಮನುಷ್ಯನನ್ನು ಜೀವಮಾನದಲ್ಲಿ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಗೋಡೆಗೆ ಒರಗಿಸಿದ್ದ ಐಸ್ ಕೊಕ್ಕೆ ಕೈಗೆ ಬಂತು, ಬೀಸಿದೆ. ಅವನು ತಲೆ ತಿರುಗಿಸಿದ್ದಕ್ಕೆ ಕಣ್ಣು ಉಳಿಯಿತು. ಕಿವಿಯ ಅರ್ಧ ಹರಿದು ಕುತ್ತಿಗೆಯ ಮೇಲೆ ಜೋತುಬಿತ್ತು. ಅವನು ನನ್ನ ಗಂಟಲು ಹಿಡಿದು ಬಾಗಿಲಿಗೆ ಅಪ್ಪಳಿಸಿದ. ಆ ಸದ್ದಿಗೆ ಹೊರಗಿನಿಂದ ಉತ್ತರ ಬಂತು, ಒಂದೇ ಒಂದು ಏಟು. ನನ್ನ ತಲೆಯ ಹಿಂದೆ, ಅಂಗೈಯಗಲದ ದೂರದಲ್ಲಿ.

ಅತ್ತೆ ಎದ್ದುಬಂದರು. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಹೆಂಗಸು ವೆಲ್ಡರ್‌ನ ದೊಡ್ಡ ಸುತ್ತಿಗೆಯನ್ನು ನೆಲದ ಮೇಲೆ ಎಳೆದುಕೊಂಡು ಬಂದು, ಎತ್ತಲಾಗದೆ, ಅದರ ಹಿಡಿಯನ್ನು ಅವನ ಎದೆಗೆ ಒತ್ತಿದರು. “ಬೆಸುಗೆ ಹಾಕಿದ್ದು ನೀನು ತಾನೇ? ಹಾಗಿದ್ರೆ ನನ್ನ ಮಗನ ಹೆಣಾನೂ ನೀನೇ ಎತ್ತು.”

ವೆಲ್ಡರ್ ಮೇಸ್ತ್ರಿಯ ಮುಖ ನೋಡಲಿಲ್ಲ. ಸುತ್ತಿಗೆ ಎತ್ತಿ ಮೊದಲ ಏಟು ಹಾಕಿದ. ಅವನನ್ನು ಹಿಡಿಯಬಂದ ಇಬ್ಬರ ಎದುರಿಗೆ, ಹಲ್ಲು ಉದುರಿದ ರಕ್ತದ ಬಾಯಿ ತೆರೆದು, ಮೀಸೆ ಬಂದು ನಿಂತ. “ಬೆಳಗ್ಗೆಯಿಂದ ಯಾರನ್ನಾದ್ರೂ ಹೊಡೀಬೇಕು ಅಂತ ಕಾಯ್ತಿದೀನಿ, ಬನ್ರೋ,” ಎಂದ. ಅವರು ಬಂದರು, ಅವನು ಹೊಡೆದ. ಆರನೇ ಏಟಿಗೆ ಬೆಸುಗೆ ಬಿಟ್ಟಿತು.

ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಗಾಳಿ ಅದನ್ನು ಒಳಕ್ಕೆ ಒತ್ತುತ್ತಿತ್ತು. ಹತ್ತು ಜನ ಹೆಗಲು ಕೊಟ್ಟು ದೂಡಿದರು. ಗೇಣುದ್ದ ಸಂದಿ ಬಿಟ್ಟಿತು. ಗಾಳಿ ಒಳಗೆ ನುಗ್ಗಿ ಮೂಲೆಯ ಎರಡು ಶೀಟುಗಳನ್ನು ಕಿತ್ತೊಯ್ದಿತು, ಮಕ್ಕಳು ಚೀರಿದರು. ಸಂದಿಯಲ್ಲಿ ಒಂದು ಕೈ ಬಂತು. ಆ ಕೈ ನನಗೆ ಗೊತ್ತು. ಹಿಡಿಯಲು ಹೋದೆ, ಗಾಳಿ ಬಾಗಿಲನ್ನು ಅದರ ಮೇಲೆ ಧಡಾರನೆ ಮುಚ್ಚಿತು.

ಆ ಸದ್ದು ಹೇಗಿತ್ತೆಂದು ನಾನು ಹೇಳಲಾರೆ.

ಮತ್ತೆ ದೂಡಿದರು. ಈ ಸಲ ದೂಡಿದ ಹನ್ನೊಂದನೆಯವನು ಮೇಸ್ತ್ರಿ. ಹರಿದ ಕಿವಿಯ ರಕ್ತ ಅವನ ಅಂಗಿಯನ್ನೆಲ್ಲ ತೋಯಿಸಿತ್ತು. ಗಂಡನನ್ನು ಕೊರಳಪಟ್ಟಿ ಹಿಡಿದು ಒಳಗೆ ಎಳೆದವನೂ ಅವನೇ. ಬಾಗಿಲು ಮುಚ್ಚಿ, ಅದರ ಹಿಡಿಗೆ ಹಗ್ಗ ಬಿಗಿದು ಎಂಟು ಜನ ಒಳಕ್ಕೆ ಎಳೆದು ಹಿಡಿದು ನಿಂತರು. ಸೂರು ಕುಣಿಯಿತು, ನರಳಿತು, ಹೋಗಲಿಲ್ಲ.

ಅವರನ್ನು ಕ್ರಷರ್‌ಗೆ ಒರಗಿಸಿ ಕೂರಿಸಿದೆವು. ಬಲಗೈಯ ನಾಲ್ಕು ಬೆರಳು ಇರಬೇಕಾದ ಜಾಗದಲ್ಲಿ ಇರಲಿಲ್ಲ. ನನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಣಿಕಟ್ಟಿಗೆ ಬಿಗಿದು, ಕೈಯನ್ನು ಎತ್ತಿ ಹಿಡಿದೆ. ಅವರ ಹಲ್ಲು ಕಟಕಟಿಸುತ್ತಿತ್ತು.

“ಎರಡೂ ವಾಲ್ವ್ ಮುಚ್ಚಿದೀನಿ,” ಎಂದರು ಮೇಸ್ತ್ರಿಗೆ. ಮತ್ತೆ ಕೇಳಿದರು, “ಎಣಿಸಿದ್ದು ಯಾರು?”

“ನಾನು,” ಎಂದ ಮೇಸ್ತ್ರಿ. ಬಿಲ್ಲೆಯ ವಿಷಯವನ್ನು ಅವನೇ ಬಾಯಿಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

“ನಿಮ್ಮ ಬಿಲ್ಲೆ ನಾನೇ ಹಾಕ್ಬಿಟ್ಟಿದ್ದೆ ರೀ,” ಎಂದೆ. “ಕೈ ತಾನಾಗೇ ಹಾಕ್ತು.”

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಒಂಬತ್ತು ವರ್ಷದಲ್ಲಿ ಅವರ ಸೋಮಾರಿತನದಿಂದ ನನಗೆ ಅಂಟಿದ ಅಭ್ಯಾಸ ಅದು, ಅವರಿಗೂ ಅದರಲ್ಲಿ ಪಾಲಿತ್ತು. ಅದನ್ನು ಅವರು ಕ್ಷಮಿಸಿಯೇ ಬಿಟ್ಟರು ಎಂದು ಮುಖ ನೋಡಿಯೇ ತಿಳಿಯಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಹೊಟ್ಟೆಯಲ್ಲಿಟ್ಟುಕೊಂಡು ಬದುಕುವ ಜಾತಿ ನನ್ನದಲ್ಲ.

“ನೀವು ಮೊದಲ ಸಲ ಬಡಿದಾಗಲೇ ಗೊತ್ತಾಯ್ತು. ಆದ್ರೂ ಸುಮ್ನೆ ಕೂತಿದ್ದೆ. ಇವಳು ಮಡಿಲಲ್ಲಿದ್ಲು.”

ಅವರು ಕಣ್ಣು ತೆರೆದರು. “ಎಷ್ಟು ಹೊತ್ತು?”

“ಇವಳ ಜಡೆ ಹೆಣೆದು ಮುಗಿಸೋವರೆಗೂ.”

ಅವರು ಮಗಳ ಜಡೆ ನೋಡಿದರು. ತುಂಬ ಹೊತ್ತು ನೋಡಿದರು. ಪಕ್ಕದಲ್ಲಿ ಅತ್ತೆಯ ಉಬ್ಬಸ ಕೇಳುತ್ತಿತ್ತು.

“ನಾನಾಗಿದ್ರೂ ಹಾಗೇ ಮಾಡ್ತಿದ್ದೆ ಅಂತ ಹೇಳ್ಲಿ ಅಂತ ಕಾಯ್ತಿದೀಯಾ?”

ಹೌದು, ಕಾಯುತ್ತಿದ್ದೆ. ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು ಅದೊಂದು ಮಾತಿಗೆ ಕಾಯುತ್ತಿದ್ದೆ.

“ಹೇಳಲ್ಲ,” ಎಂದರು.

ಎಡಗೈಯಿಂದ ಮಗಳನ್ನು ಎಳೆದು ತಮ್ಮ ಮಡಿಲಲ್ಲಿ ಕೂರಿಸಿಕೊಂಡರು. ನಾನು ಅವರ ಬಲಗೈಯನ್ನು ಎತ್ತಿ ಹಿಡಿದೇ ಕೂತಿದ್ದೆ. ಇಳಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ.